ಟೆಲಿಗ್ರಾಫ್ ನಡೆಯುತ್ತಿದೆ, ಇನ್‌ಫ್ಲಕ್ಸ್‌ಡಿಬಿಗೆ ಅಂಕಿ ಬರುತ್ತಿಲ್ಲ: ಲಕ್ಷಣ ನೋಡಿ ದೋಷ ಹಿಡಿಯುವ ಕೈಪಿಡಿ

ಟೆಲಿಗ್ರಾಫ್ ಎಂದರೆ ಯಂತ್ರಗಳ ಅಂಕಿಗಳನ್ನು (ಮೆಟ್ರಿಕ್) ಅಳೆದು ಕಳಿಸುವ ಏಜೆಂಟ್; ಇನ್‌ಫ್ಲಕ್ಸ್‌ಡಿಬಿ ಅವುಗಳನ್ನು ಸಮಯದ ಸಮೇತ ಇಟ್ಟುಕೊಳ್ಳುವ ಡೇಟಾಬೇಸ್. ಗ್ರಾಫ್ ಖಾಲಿ ಕಂಡ ತಕ್ಷಣ ಬಹುತೇಕರು ಮೊದಲು ಮಾಡುವ ಕೆಲಸ ಸರ್ವಿಸ್ ರೀಸ್ಟಾರ್ಟ್. ದಯವಿಟ್ಟು ಅದನ್ನು ಕೊನೆಗಿಟ್ಟುಕೊಳ್ಳಿ. ಟೆಲಿಗ್ರಾಫ್ ತಾನು ಸಂಗ್ರಹಿಸಿದ ಮೆಟ್ರಿಕ್‌ಗಳನ್ನು ಡೇಟಾಬೇಸ್ ಒಪ್ಪಿಕೊಳ್ಳುವವರೆಗೂ ಮೆಮೊರಿಯಲ್ಲಿರುವ ಬಫರ್‌ನಲ್ಲಿ ಹಿಡಿದಿಟ್ಟಿರುತ್ತದೆ. ತೊಂದರೆ ಡೇಟಾಬೇಸ್ ಕಡೆ ಇದ್ದಾಗ ನೀವು ಏಜೆಂಟನ್ನು ನಿಲ್ಲಿಸಿದರೆ, ಅದು ಕೊನೆಯದಾಗಿ ಒಮ್ಮೆ ಕಳಿಸಿ ನೋಡುತ್ತದೆ. ಆಗದಿದ್ದರೆ ಬಫರ್‌ನಲ್ಲಿ ಕಾಯುತ್ತಿದ್ದದ್ದೆಲ್ಲ ಹೋದಂತೆಯೇ. ಡೇಟಾಬೇಸ್ ಅರ್ಧ ನಿಮಿಷದಲ್ಲಿ ಚೇತರಿಸಿಕೊಂಡಿದ್ದರೆ ಆ ಅಂಕಿಗಳೆಲ್ಲ ತಾವಾಗಿ ಸೇರಿಬಿಡುತ್ತಿದ್ದವು.

ದೋಷ ಎಲ್ಲಿದೆ ಎಂದು ಕೇಳುವ ಮೊದಲು ಒಂದು ಮೆಟ್ರಿಕ್ ನಡೆಯುವ ದಾರಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಇನ್‌ಪುಟ್ ಪ್ಲಗಿನ್ ಅಳೆಯುತ್ತದೆ, ಫಿಲ್ಟರ್ ಮತ್ತು ಪ್ರೊಸೆಸರ್‌ಗಳು ಸೋಸುತ್ತವೆ, ಬಫರ್ ಹಿಡಿದಿಡುತ್ತದೆ, ಔಟ್‌ಪುಟ್ ಪ್ಲಗಿನ್ ಕಳಿಸುತ್ತದೆ, ಡೇಟಾಬೇಸ್ ಬರೆದುಕೊಳ್ಳುತ್ತದೆ, ನಿಮ್ಮ ಕ್ವೆರಿ ಓದುತ್ತದೆ. ನೀವು ಮೊದಲು ಉತ್ತರಿಸಬೇಕಾದ ಪ್ರಶ್ನೆ ಒಂದೇ: ಅಂಕಿ ತಪ್ಪಿಹೋದದ್ದು ಬಫರ್‌ಗೆ ಮುಂಚೆಯೋ, ಆಮೇಲೆಯೋ? ಇದು ತಿಳಿದರೆ ಹುಡುಕುವ ಜಾಗ ಅರ್ಧಕ್ಕೆ ಇಳಿಯುತ್ತದೆ.

ಎಲ್ಲಕ್ಕೂ ಮೊದಲು, ಖರ್ಚಿಲ್ಲದ ಮೂರು ಪರೀಕ್ಷೆ

ಮೊದಲನೆಯದು ಲಾಗ್. ಲಿನಕ್ಸ್‌ನಲ್ಲಿ ಸಿಸ್ಟಮ್‌ಡಿ ಇದ್ದರೆ ಜರ್ನಲ್‌ಸಿಟಿಎಲ್‌ನಲ್ಲಿ ಟೆಲಿಗ್ರಾಫ್ ಯೂನಿಟ್‌ನ ಸಾಲುಗಳನ್ನು ನೋಡಿ. ಪ್ರತಿ ಸಾಲಿನಲ್ಲೂ ಸಮಯದ ನಂತರ ಒಂದು ಅಕ್ಷರ ಇರುತ್ತದೆ: ಐ ಎಂದರೆ ಮಾಹಿತಿ, ಡಬ್ಲ್ಯೂ ಎಂದರೆ ಎಚ್ಚರಿಕೆ, ಇ ಎಂದರೆ ದೋಷ. ಅದರ ಪಕ್ಕದ ಚೌಕ ಆವರಣದಲ್ಲಿ ಯಾವ ಪ್ಲಗಿನ್ ಮಾತಾಡುತ್ತಿದೆ ಎಂಬುದು ಇರುತ್ತದೆ. ಇನ್‌ಪುಟ್ಸ್ ಎಂದು ಶುರುವಾದರೆ ದೋಷ ಬಫರ್‌ಗೆ ಮುಂಚೆ, ಔಟ್‌ಪುಟ್ಸ್ ಎಂದಿದ್ದರೆ ಆಮೇಲೆ.

ಎರಡನೆಯದು, ಟೆಲಿಗ್ರಾಫ್ ಆಜ್ಞೆಗೆ ಕಾನ್ಫಿಗ್ ಫೈಲ್ ಕೊಟ್ಟು ಜೊತೆಗೆ ಟೆಸ್ಟ್ ಆಯ್ಕೆ ಹಾಕುವುದು. ಇದು ಇನ್‌ಪುಟ್‌ಗಳನ್ನು ಒಮ್ಮೆ ಓಡಿಸಿ, ಸಿಕ್ಕಿದ್ದನ್ನು ಪರದೆಯ ಮೇಲೆ ತೋರಿಸುತ್ತದೆ. ಡೇಟಾಬೇಸ್‌ಗೆ ಏನನ್ನೂ ಬರೆಯುವುದಿಲ್ಲ. ಹಲವರು ಎಡವುವುದು ಇಲ್ಲೇ: ಟೆಸ್ಟ್‌ನಲ್ಲಿ ಅಂಕಿ ಕಂಡರೆ ಎಲ್ಲವೂ ಸರಿ ಎಂದಲ್ಲ, ಅಳೆಯುವ ಭಾಗ ಸರಿ ಎಂದಷ್ಟೇ ಅರ್ಥ.

ಮೂರನೆಯದು ಒನ್ಸ್ ಆಯ್ಕೆ. ಇದು ಒಮ್ಮೆ ಅಳೆದು, ನಿಜವಾಗಿಯೂ ಡೇಟಾಬೇಸ್‌ಗೆ ಕಳಿಸಿ, ಮುಗಿಸುತ್ತದೆ. ಟೆಸ್ಟ್ ಗೆದ್ದು ಒನ್ಸ್ ಸೋತರೆ ದೋಷ ಔಟ್‌ಪುಟ್ ಕಡೆಯದು. ಎರಡೂ ಗೆದ್ದರೂ ಗ್ರಾಫ್ ಖಾಲಿಯಿದ್ದರೆ ಓದುವ ಕಡೆ ನೋಡಿ, ಇಲ್ಲವೇ ಸರ್ವಿಸ್ ನಡೆಯುವ ಪರಿಸರವನ್ನು ನೋಡಿ. ಎಂಕ್ಯೂಟಿಟಿಯಂತೆ ಹೊರಗಿನಿಂದ ಬರುವ ಸಂದೇಶಕ್ಕೆ ಕಾಯುವ ಇನ್‌ಪುಟ್ ಆದರೆ ಟೆಸ್ಟ್ ಕ್ಷಣದಲ್ಲೇ ಮುಗಿದು ಏನೂ ತೋರಿಸದೆ ಹೋಗಬಹುದು. ಅದಕ್ಕಾಗಿಯೇ ಟೆಸ್ಟ್-ವೇಟ್ ಎಂಬ ಇನ್ನೊಂದು ಆಯ್ಕೆಯಿದೆ, ಕೆಲವು ಸೆಕೆಂಡ್ ಕಾಯಲು ಹೇಳಿ.

ಲಕ್ಷಣ: ಸರ್ವಿಸ್ ಏಳುವುದೇ ಇಲ್ಲ

ಇದು ಎಲ್ಲಕ್ಕಿಂತ ಸುಲಭದ್ದು, ಏಕೆಂದರೆ ಲಾಗ್ ಸಾಲಿನ ಸಂಖ್ಯೆಯ ಸಮೇತ ಹೇಳುತ್ತದೆ. ಕಾನ್ಫಿಗ್ ಫೈಲ್ ಇರುವುದು ಟಾಮಲ್ ಶೈಲಿಯಲ್ಲಿ. ಪ್ಲಗಿನ್ ಹೆಸರಿಗೆ ಜೋಡಿ ಚೌಕ ಆವರಣ ಬೇಕು, ಏಜೆಂಟ್ ವಿಭಾಗಕ್ಕೆ ಒಂಟಿ. ಪಠ್ಯಕ್ಕೆ ಉದ್ಧರಣ ಚಿಹ್ನೆ ಬೇಕು. ವಿಂಡೋಸ್ ಪಾತ್ ಅಥವಾ ರೆಜೆಕ್ಸ್ ಬರೆಯುವಾಗ ಜೋಡಿ ಉದ್ಧರಣದೊಳಗೆ ಹಿಮ್ಮುಖ ಓರೆಗೆರೆ ಬಂದರೆ ದೋಷ ಬರಬಹುದು. ಒಂಟಿ ಉದ್ಧರಣ ಬಳಸಿದರೆ ಅದು ಇದ್ದ ಹಾಗೇ ಓದಿಕೊಳ್ಳುತ್ತದೆ.

ಮುಖ್ಯ ಫೈಲ್ ಸರಿಯಿದ್ದೂ ಸರ್ವಿಸ್ ಏಳದಿದ್ದರೆ ಟೆಲಿಗ್ರಾಫ್.ಡಿ ಡೈರೆಕ್ಟರಿಯನ್ನು ತೆರೆದು ನೋಡಿ. ಅಲ್ಲಿ ಕಾನ್ಫ್ ಎಂದು ಕೊನೆಯಾಗುವ ಫೈಲ್‌ಗಳನ್ನೆಲ್ಲ ಸರ್ವಿಸ್ ಸೇರಿಸಿಕೊಂಡು ಓದುತ್ತದೆ. ಯಾವತ್ತೋ ಇಟ್ಟು ಮರೆತ ಫೈಲ್ ಅಲ್ಲಿ ಕೂತಿರಬಹುದು.

ಲಕ್ಷಣ: ಕನೆಕ್ಷನ್ ರೆಫ್ಯೂಸ್ಡ್, ಅಥವಾ ಟೈಮ್‌ಔಟ್

ಇವೆರಡೂ ಒಂದೇ ಅಲ್ಲ. ರೆಫ್ಯೂಸ್ಡ್ ಎಂದರೆ ಆ ಯಂತ್ರದವರೆಗೆ ದಾರಿ ಇದೆ, ಆದರೆ ಆ ಪೋರ್ಟ್‌ನಲ್ಲಿ ಯಾರೂ ಕೇಳಿಸಿಕೊಳ್ಳುತ್ತಿಲ್ಲ. ಡೇಟಾಬೇಸ್ ನಿಂತಿರಬಹುದು, ಪೋರ್ಟ್ ತಪ್ಪಿರಬಹುದು. ಇನ್‌ಫ್ಲಕ್ಸ್‌ಡಿಬಿ 1 ಮತ್ತು 2 ಸಾಮಾನ್ಯವಾಗಿ 8086ರಲ್ಲಿ ಕೇಳುತ್ತವೆ, 3 ಕೋರ್ 8181ರಲ್ಲಿ. ಟೈಮ್‌ಔಟ್ ಎಂದರೆ ಉತ್ತರವೇ ಬಂದಿಲ್ಲ: ದಾರಿಯಲ್ಲಿ ಫೈರ್‌ವಾಲ್ ಪ್ಯಾಕೆಟ್ ನುಂಗುತ್ತಿದೆ, ಇಲ್ಲವೇ ಡೇಟಾಬೇಸ್ ಜೀವಂತವಿದ್ದೂ 5 ಸೆಕೆಂಡಿನ ಮಾಮೂಲು ಗಡುವಿನೊಳಗೆ ಉತ್ತರಿಸಲಾರದಷ್ಟು ಬಳಲಿದೆ.

ಏಜೆಂಟ್ ಇರುವ ಯಂತ್ರದಿಂದಲೇ ಕರ್ಲ್ ಬಳಸಿ ಡೇಟಾಬೇಸ್‌ನ ಪಿಂಗ್ ವಿಳಾಸವನ್ನು ಕೇಳಿ. ಆವೃತ್ತಿ 1 ಮತ್ತು 2ರಲ್ಲಿ 204 ಎಂಬ ಉತ್ತರ ಬಂದರೆ ದಾರಿ ತೆರೆದಿದೆ. ನಿಮ್ಮ ಲ್ಯಾಪ್‌ಟಾಪ್‌ನಿಂದ ಕೇಳಿ ಸಮಾಧಾನಪಟ್ಟುಕೊಳ್ಳಬೇಡಿ. ಅಲ್ಲಿಂದ ತೆರೆದಿರುವ ದಾರಿ ಸರ್ವರ್‌ನಿಂದ ತೆರೆದಿರಬೇಕೆಂದಿಲ್ಲ.

ಟೆಲಿಗ್ರಾಫ್ ಕಂಟೇನರ್ ಒಳಗಿದ್ದರೆ ಲೋಕಲ್‌ಹೋಸ್ಟ್ ಎಂದರೆ ಆ ಕಂಟೇನರ್ ಮಾತ್ರ. ಪಕ್ಕದ ಕಂಟೇನರ್‌ನಲ್ಲಿರುವ ಡೇಟಾಬೇಸ್‌ಗೆ ಅದರ ಸರ್ವಿಸ್ ಹೆಸರನ್ನೇ ಬರೆಯಬೇಕು. ರೆಫ್ಯೂಸ್ಡ್ ಕಂಡಾಗ ನಾನು ಮೊದಲು ನೋಡುವುದೇ ಇದನ್ನು.

ಸರ್ಟಿಫಿಕೇಟ್ ಕುರಿತ ದೋಷ, ಅಂದರೆ ಎಕ್ಸ್509 ಎಂದು ಶುರುವಾಗುವ ಸಾಲು ಬಂದರೆ ಅದನ್ನು ಪೂರ್ತಿ ಓದಿ. ಅವಧಿ ಮುಗಿದಿದೆಯೋ, ಹೆಸರು ಹೊಂದುತ್ತಿಲ್ಲವೋ, ಸಹಿ ಮಾಡಿದ ಪ್ರಾಧಿಕಾರ ಅಪರಿಚಿತವೋ ಎಂದು ಅದೇ ಹೇಳುತ್ತದೆ. ಮೂರನೆಯದಾದರೆ ಆ ಪ್ರಾಧಿಕಾರದ ಸರ್ಟಿಫಿಕೇಟ್ ಫೈಲನ್ನು ಟಿಎಲ್‌ಎಸ್ ಸಿಎ ಸೆಟ್ಟಿಂಗ್‌ನಲ್ಲಿ ಕೊಡಿ. ಪರಿಶೀಲನೆಯನ್ನೇ ಬಿಟ್ಟುಬಿಡುವ ಸೆಟ್ಟಿಂಗ್ ಒಂದಿದೆ; ಅದನ್ನು ಹಾಕಿದರೆ ದೋಷ ಮಾಯವಾಗುತ್ತದೆ ನಿಜ, ಆದರೆ ಮುಂದೆ ಡೇಟಾಬೇಸ್ ಎಂದು ಸೋಗು ಹಾಕಿದ ಯಾವ ಯಂತ್ರಕ್ಕಾದರೂ ನಿಮ್ಮ ಟೋಕನ್, ಅಂದರೆ ಡೇಟಾಬೇಸ್‌ನ ಪ್ರವೇಶ ಕೀಲಿ, ಸಿಗುತ್ತದೆ.

ಲಕ್ಷಣ: 401, 403, 404

401 ಎಂದರೆ ಡೇಟಾಬೇಸ್ ನಿಮ್ಮನ್ನು ಗುರುತಿಸಲಿಲ್ಲ. ಟೋಕನ್ ಅಂಟಿಸುವಾಗ ಕೊನೆಯ ಅಕ್ಷರ ಬಿಟ್ಟುಹೋಗಿದೆಯೇ, ಹಿಂದೆಮುಂದೆ ಖಾಲಿ ಜಾಗ ಸೇರಿದೆಯೇ ನೋಡಿ. 403 ಎಂದರೆ ಗುರುತು ಸಿಕ್ಕಿದೆ, ಬರೆಯುವ ಹಕ್ಕಿಲ್ಲ. ಆಗ ಎಲ್ಲ ಅಧಿಕಾರ ಇರುವ ಟೋಕನ್ ಕೊಟ್ಟು ಕೆಲಸ ಮುಗಿಸುವ ಆಸೆಯಾಗುತ್ತದೆ, ಬೇಡ. ಏಜೆಂಟ್‌ಗೆ ಬೇಕಿರುವುದು ಒಂದು ಬಕೆಟ್‌ಗೆ (ಆವೃತ್ತಿ 2ರಲ್ಲಿ ಅಂಕಿ ಇಡುವ ಜಾಗಕ್ಕೆ) ಬರೆಯುವ ಹಕ್ಕು ಮಾತ್ರ; ಅಷ್ಟೇ ಇರುವ ಟೋಕನ್ ಮಾಡಿಸಿಕೊಳ್ಳಿ. ಈ ಎರಡೂ ದೋಷಗಳಲ್ಲಿ ಮೆಟ್ರಿಕ್‌ಗಳು ಬಫರ್‌ನಲ್ಲೇ ಕಾಯುತ್ತಿರುತ್ತವೆ. ಡೇಟಾಬೇಸ್ ಕಡೆ ಹಕ್ಕು ಸರಿಪಡಿಸಿದರೆ ರೀಸ್ಟಾರ್ಟ್ ಇಲ್ಲದೆಯೇ ಅವು ಸೇರುತ್ತವೆ.

404 ಬಂದರೆ ಬಕೆಟ್ ಅಥವಾ ಡೇಟಾಬೇಸ್ ಹೆಸರು ಸಿಕ್ಕಿಲ್ಲ. ಆವೃತ್ತಿ 1ರ ಔಟ್‌ಪುಟ್ ಪ್ಲಗಿನ್ ತನಗೆ ಅಧಿಕಾರವಿದ್ದರೆ ಇಲ್ಲದ ಡೇಟಾಬೇಸನ್ನು ತಾನೇ ಸೃಷ್ಟಿಸುತ್ತದೆ. ಆ ಅಭ್ಯಾಸದಲ್ಲೇ ಆವೃತ್ತಿ 2ಕ್ಕೆ ಬಂದವರು ಬಕೆಟ್ ಕೂಡ ತಾನಾಗಿ ಹುಟ್ಟುತ್ತದೆ ಎಂದುಕೊಳ್ಳುತ್ತಾರೆ. ಬಕೆಟನ್ನು ಮೊದಲೇ ಮಾಡಿಟ್ಟಿರಬೇಕು. ಔಟ್‌ಪುಟ್ ಪ್ಲಗಿನ್‌ನ ಹೆಸರನ್ನೂ ಒಮ್ಮೆ ಹೊಂದಿಸಿ ನೋಡಿ: 1ಕ್ಕೆ ಇನ್‌ಫ್ಲಕ್ಸ್‌ಡಿಬಿ, 2ಕ್ಕೆ ಇನ್‌ಫ್ಲಕ್ಸ್‌ಡಿಬಿ ವಿ2.

ಲಕ್ಷಣ: ಕೈಯಿಂದ ಓಡಿಸಿದರೆ ಬರುತ್ತದೆ, ಸರ್ವಿಸ್ ಆಗಿ ಬರುವುದಿಲ್ಲ

ನೀವು ಟರ್ಮಿನಲ್‌ನಲ್ಲಿ ಓಡಿಸಿದಾಗ ಅದು ನಿಮ್ಮ ಹಕ್ಕಿನಲ್ಲಿ, ನಿಮ್ಮ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳ ಜೊತೆ ಓಡುತ್ತದೆ. ಸರ್ವಿಸ್ ಓಡುವುದು ಟೆಲಿಗ್ರಾಫ್ ಎಂಬ ಪ್ರತ್ಯೇಕ ಬಳಕೆದಾರನಾಗಿ. ನಿಮ್ಮ ಶೆಲ್‌ನಲ್ಲಿ ಎಕ್ಸ್‌ಪೋರ್ಟ್ ಮಾಡಿದ ಟೋಕನ್ ಅದಕ್ಕೆ ಗೊತ್ತೇ ಇಲ್ಲ. ಲಿನಕ್ಸ್ ಪ್ಯಾಕೇಜ್‌ನಲ್ಲಿ ಅಂಥ ವೇರಿಯಬಲ್‌ಗಳ ಜಾಗ ಇಟಿಸಿ ಒಳಗಿನ ಡಿಫಾಲ್ಟ್ ಡೈರೆಕ್ಟರಿಯಲ್ಲಿರುವ ಟೆಲಿಗ್ರಾಫ್ ಫೈಲ್.

ಪರೀಕ್ಷೆ ಸುಲಭ: ಸುಡೊ ಬಳಸಿ, ಟೆಲಿಗ್ರಾಫ್ ಬಳಕೆದಾರನಾಗಿಯೇ ಟೆಸ್ಟ್ ಓಡಿಸಿ. ಪರ್ಮಿಷನ್ ಡಿನೈಡ್ ಕಂಡರೆ ಯಾವ ಫೈಲ್‌ಗೆ ಎಂದು ನೋಡಿ, ಅದಕ್ಕೆ ಮಾತ್ರ ಓದುವ ಹಕ್ಕು ಕೊಡಿ. ಸರ್ವಿಸನ್ನು ರೂಟ್ ಆಗಿ ಓಡಿಸುವುದು, ಫೈಲ್‌ಗೆ 777 (ಎಲ್ಲರಿಗೂ ಎಲ್ಲ ಹಕ್ಕು) ಹಾಕುವುದು ಪರಿಹಾರವಲ್ಲ. ಡಾಕರ್ ಇನ್‌ಪುಟ್‌ಗಾಗಿ ಟೆಲಿಗ್ರಾಫ್ ಬಳಕೆದಾರನನ್ನು ಡಾಕರ್ ಗುಂಪಿಗೆ ಸೇರಿಸಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಕೆಲಸ ಮಾಡುತ್ತದೆ, ಆದರೆ ಡಾಕರ್ ಸಾಕೆಟ್ ಕೈಗೆ ಸಿಕ್ಕವನಿಗೆ ಆ ಯಂತ್ರದ ರೂಟ್ ಅಧಿಕಾರ ಸಿಕ್ಕಂತೆಯೇ. ಇದನ್ನು ತಿಳಿದೇ ನಿರ್ಧರಿಸಿ; ಹಂಚಿಕೊಂಡ ಸರ್ವರ್ ಆದರೆ ಅದರ ಹೊಣೆ ಹೊತ್ತವರನ್ನು ಕೇಳದೆ ಮಾಡಬೇಡಿ.

ಲಕ್ಷಣ: ಲಾಗ್‌ನಲ್ಲಿ ಒಂದೂ ದೋಷವಿಲ್ಲ, ಗ್ರಾಫ್ ಮಾತ್ರ ಖಾಲಿ

ನನ್ನ ಪ್ರಕಾರ ಅತಿ ಹೆಚ್ಚು ಹೊತ್ತು ತಿನ್ನುವುದು ಈ ಗುಂಪು. ಏಜೆಂಟ್ ವಿಭಾಗದಲ್ಲಿ ಡೀಬಗ್ ಟ್ರೂ ಮಾಡಿ. ಸೆಟ್ಟಿಂಗ್ ಬದಲಿಸಿದ ಮೇಲೆ ರೀಸ್ಟಾರ್ಟ್ ಬೇಕು, ಆದರೆ ಈಗ ಬರಹ ತಡೆದಿರುವ ಸೂಚನೆಯೇ ಇಲ್ಲವಾದ್ದರಿಂದ ನಷ್ಟದ ಭಯ ಕಡಿಮೆ. ಆಗ ಪ್ರತಿ ಫ್ಲಶ್‌ಗೂ, ಅಂದರೆ ಬಫರ್‌ನಿಂದ ಕಳಿಸುವ ಪ್ರತಿ ಸಲವೂ, ಎಷ್ಟು ಮೆಟ್ರಿಕ್ ಬರೆದಾಯಿತು, ಬಫರ್ ಎಷ್ಟು ತುಂಬಿದೆ ಎಂಬ ಸಾಲು ಬರುತ್ತದೆ.

ಬರೆದಾಯಿತು ಎನ್ನುವ ಸಾಲೇ ಇಲ್ಲದಿದ್ದರೆ ಫಿಲ್ಟರ್ ಮೇಲೆ ಅನುಮಾನಪಡಿ. ನೇಮ್‌ಪಾಸ್ ಪಟ್ಟಿಯಲ್ಲಿರುವ ಹೆಸರು ಮೆಷರ್‌ಮೆಂಟ್ (ಮೆಟ್ರಿಕ್ ಗುಂಪು) ಹೆಸರಿಗೆ ಹೊಂದದಿದ್ದರೆ ಆ ಮೆಟ್ರಿಕ್‌ಗಳನ್ನು ಟೆಲಿಗ್ರಾಫ್ ಸದ್ದಿಲ್ಲದೆ ಕೈಬಿಡುತ್ತದೆ. ಅದು ನೀವೇ ಹೇಳಿದ ಕೆಲಸ, ಹಾಗಾಗಿ ದೋಷವೆಂದು ಬರೆಯುವುದಿಲ್ಲ. ಇನ್ನೊಂದು ಸೂಕ್ಷ್ಮವಿದೆ. ಟ್ಯಾಗ್ಸ್ ಅಥವಾ ಟ್ಯಾಗ್‌ಪಾಸ್ ಎಂಬ ಉಪವಿಭಾಗ ಶುರುವಾದ ಮೇಲೆ ಬರೆದ ಸಾಲುಗಳೆಲ್ಲ ಟಾಮಲ್ ನಿಯಮದಂತೆ ಆ ಉಪವಿಭಾಗಕ್ಕೇ ಸೇರುತ್ತವೆ. ಪ್ಲಗಿನ್‌ನ ಸೆಟ್ಟಿಂಗ್ ಅದರ ಕೆಳಗೆ ಬಂದಿದ್ದರೆ ಪ್ಲಗಿನ್‌ಗೆ ಅದು ತಲುಪುವುದೇ ಇಲ್ಲ. ಉಪವಿಭಾಗಗಳು ಯಾವಾಗಲೂ ಪ್ಲಗಿನ್‌ನ ಕೊನೆಯಲ್ಲಿರಲಿ.

ಬರೆದಾಯಿತು ಎನ್ನುತ್ತಿದೆ, ಆದರೂ ಕಾಣುತ್ತಿಲ್ಲ ಎಂದಾದರೆ ಗಡಿಯಾರದ ಕಡೆ ತಿರುಗಿ. ಮೊದಲು ಎರಡೂ ಯಂತ್ರಗಳಲ್ಲಿ ಸಮಯ ಹೊಂದುತ್ತದೆಯೇ, ಎನ್‌ಟಿಪಿ (ಗಡಿಯಾರ ಹೊಂದಿಸುವ ಸೇವೆ) ನಡೆಯುತ್ತಿದೆಯೇ ನೋಡಿ. ಏಜೆಂಟ್‌ನ ಗಡಿಯಾರ ಮುಂದಿದ್ದರೆ ಅಂಕಿಗಳು ಭವಿಷ್ಯದ ಸಮಯಕ್ಕೆ ಸೇರುತ್ತವೆ. ಡ್ಯಾಶ್‌ಬೋರ್ಡ್‌ನ ಕ್ವೆರಿ ಸಾಮಾನ್ಯವಾಗಿ ಈಗಿನ ಕ್ಷಣದವರೆಗೆ ಮಾತ್ರ ಓದುವುದರಿಂದ ಅವು ಕಾಣುವುದಿಲ್ಲ. ಸ್ಥಳೀಯ ಸಮಯವನ್ನು ವಲಯ ಹೇಳದೆ ಕಳಿಸುವ ಸಾಧನದಿಂದ ಜೇಸನ್ ಓದುತ್ತಿದ್ದರೂ ಹೀಗೇ: ಟೆಲಿಗ್ರಾಫ್ ಅದನ್ನು ಯುಟಿಸಿ ಎಂದೇ ತಿಳಿಯುತ್ತದೆ, ಗ್ರೀನ್‌ವಿಚ್‌ಗೆ ಪೂರ್ವದ ವಲಯಗಳಲ್ಲಿ ಅಂಕಿಗಳು ಅಷ್ಟು ಗಂಟೆ ಮುಂದಕ್ಕೆ ಹೋಗಿ ಬೀಳುತ್ತವೆ. ಕ್ವೆರಿಯ ಕೊನೆಯ ಸಮಯವನ್ನು ಒಂದು ದಿನ ಮುಂದಕ್ಕೆ ಹಾಕಿ ನೋಡಿ, ಒಮ್ಮೆಲೇ ಕಾಣಿಸಿಕೊಂಡರೆ ದೋಷ ಸಿಕ್ಕಿತು.

ಸಮಯದ ಘಟಕ ತಪ್ಪಿದರೆ ಇನ್ನೂ ದೂರ ಹೋಗುತ್ತದೆ. ಲೈನ್ ಪ್ರೊಟೊಕಾಲ್‌ನಲ್ಲಿ, ಅಂದರೆ ಇನ್‌ಫ್ಲಕ್ಸ್‌ಡಿಬಿಗೆ ಅಂಕಿ ಕಳಿಸುವ ಪಠ್ಯ ರೂಪದಲ್ಲಿ, ಸಮಯವನ್ನು ನ್ಯಾನೊಸೆಕೆಂಡ್ ಎಂದು ಭಾವಿಸಲಾಗುತ್ತದೆ. ನಿಮ್ಮ ಸ್ಕ್ರಿಪ್ಟ್ ಸೆಕೆಂಡ್‌ಗಳಲ್ಲಿ 1700000000 ಎಂದು ಕೊಟ್ಟರೆ ಅದು 1.7 ಸೆಕೆಂಡ್ ಆಗುತ್ತದೆ, ಅಂದರೆ 1970ರ ಜನವರಿ 1ರ ಯುಟಿಸಿ ಮಧ್ಯರಾತ್ರಿ ಕಳೆದು ಎರಡು ಸೆಕೆಂಡ್ ಆಗುವ ಮುನ್ನ. ಬಕೆಟ್‌ಗೆ ಉಳಿಕೆ ಅವಧಿ (ಅಂಕಿಯನ್ನು ಎಷ್ಟು ಕಾಲ ಇಡಬೇಕೆಂಬ ಮಿತಿ) ಇಲ್ಲದಿದ್ದರೆ ಅಂಕಿ 1970ರಲ್ಲಿ ಕೂತಿರುತ್ತದೆ. 30 ದಿನ ಎಂದಿಟ್ಟಿದ್ದರೆ ಅವಧಿ ಮೀರಿದ ಅಂಕಿ ಎಂದು ಡೇಟಾಬೇಸ್ ಅದನ್ನು ಸೇರಿಸಿಕೊಳ್ಳುವುದೇ ಇಲ್ಲ.

ಲಕ್ಷಣ: ಕೆಲವು ಅಂಕಿ ಬರುತ್ತವೆ, ಕೆಲವು ಬರುವುದಿಲ್ಲ

ಲಾಗ್‌ನಲ್ಲಿ ಪಾರ್ಷಿಯಲ್ ರೈಟ್, ಫೀಲ್ಡ್ ಟೈಪ್ ಕಾನ್‌ಫ್ಲಿಕ್ಟ್ ಎಂಬ ಪದಗಳನ್ನು ಹುಡುಕಿ. ಒಂದು ಫೀಲ್ಡ್ (ಅಳೆದ ಮೌಲ್ಯ ಇರುವ ಅಂಕಣ) ಮೊದಲ ಸಲ ಯಾವ ರೂಪದಲ್ಲಿ ಬಂತೋ, ಅದೇ ರೂಪವನ್ನು ಇನ್‌ಫ್ಲಕ್ಸ್‌ಡಿಬಿ ಕಾಯ್ದುಕೊಳ್ಳುತ್ತದೆ. ಲೈನ್ ಪ್ರೊಟೊಕಾಲ್‌ನಲ್ಲಿ ಬರೀ 5 ಎಂದರೆ ದಶಮಾಂಶ ಸಂಖ್ಯೆ. 5ರ ಹಿಂದೆಯೇ ಐ ಅಕ್ಷರ ಅಂಟಿಸಿದರೆ ಪೂರ್ಣಾಂಕ. ಸೆನ್ಸರ್ ಸಾಮಾನ್ಯವಾಗಿ 24.5 ಕಳಿಸುತ್ತಾ, ಕೆಟ್ಟಾಗ ಮಾತ್ರ ಪಠ್ಯ ಕಳಿಸಿದರೆ ಆ ಒಂದು ಬಿಂದು ತಿರಸ್ಕೃತವಾಗುತ್ತದೆ, ಜೊತೆಗೆ ಬಂದ ಉಳಿದವು ಸೇರುತ್ತವೆ. ಹಾಗಾಗಿಯೇ ಇದು ಅರ್ಧಂಬರ್ಧ ಕಾಣುವುದು.

ಇಲ್ಲಿ ಒಂದು ಮುಖ್ಯ ವ್ಯತ್ಯಾಸ ನೆನಪಿರಲಿ. ಡೇಟಾಬೇಸ್ ತಲುಪಲಾಗದಿದ್ದರೆ, 401 ಬಂದರೆ, 503 (ಡೇಟಾಬೇಸ್ ಸದ್ಯ ಸಿದ್ಧವಿಲ್ಲ) ಬಂದರೆ ಮೆಟ್ರಿಕ್ ಬಫರ್‌ನಲ್ಲಿ ಕಾಯುತ್ತದೆ. 400 ಅಥವಾ 422 (ಕಳಿಸಿದ್ದೇ ಸರಿಯಿಲ್ಲ ಎಂಬ ಉತ್ತರ) ಬಂದರೆ ಮತ್ತೆ ಕಳಿಸಿದರೂ ಅದೇ ಉತ್ತರ ಬರುವುದರಿಂದ ಟೆಲಿಗ್ರಾಫ್ ಅದನ್ನು ಬಿಟ್ಟುಬಿಡುತ್ತದೆ. ಮೊದಲನೆಯದರಲ್ಲಿ ನಿಮಗೆ ಸ್ವಲ್ಪ ಸಮಯವಿದೆ, ಎರಡನೆಯದರಲ್ಲಿ ಪ್ರತಿ ಕ್ಷಣವೂ ನಷ್ಟ.

ಆವೃತ್ತಿ 1 ಮತ್ತು 2ರಲ್ಲಿ ಈ ರೂಪದ ನಿಯಮ ಶಾರ್ಡ್‌ನ, ಅಂದರೆ ಒಂದು ಅವಧಿಯ ಅಂಕಿ ಇಡುವ ತುಂಡಿನ, ಮಟ್ಟದ್ದು. ಶಾರ್ಡ್ ಗುಂಪಿನ ಅವಧಿ ಬೇರೆ ಹೇಳದಿದ್ದರೆ ಉಳಿಕೆ ಅವಧಿ 2 ದಿನಕ್ಕಿಂತ ಕಡಿಮೆಯಿದ್ದಲ್ಲಿ 1 ಗಂಟೆ, 2 ದಿನದಿಂದ 6 ತಿಂಗಳವರೆಗೆ 1 ದಿನ, ಅದಕ್ಕೂ ಹೆಚ್ಚಾದರೆ 7 ದಿನ. ಹೊಸ ಶಾರ್ಡ್ ತೆರೆದಾಗ ಮೊದಲು ಬಂದ ರೂಪವೇ ಅಲ್ಲಿ ನಿಲ್ಲುತ್ತದೆ. ಯಾರೂ ಮುಟ್ಟದೆ ದೋಷ ಒಂದು ದಿನ ಹುಟ್ಟಿ, ಇನ್ನೊಂದು ದಿನ ತಾನೇ ಹೋಗುವುದು ಇದರಿಂದ. ಹೋಯಿತೆಂದು ಬಿಟ್ಟರೆ ಹಳೆಯ ಮತ್ತು ಹೊಸ ಶಾರ್ಡ್ ಎರಡನ್ನೂ ದಾಟುವ ಕ್ವೆರಿ ಮುಂದೆ ತೊಂದರೆ ಕೊಡುತ್ತದೆ.

ಪರಿಹಾರ ಏಜೆಂಟ್ ಕಡೆ ಇದೆ. ಕನ್ವರ್ಟರ್ ಪ್ರೊಸೆಸರ್ ಬಳಸಿ ಆ ಫೀಲ್ಡನ್ನು ಯಾವಾಗಲೂ ಒಂದೇ ರೂಪಕ್ಕೆ ತನ್ನಿ. ಡೇಟಾಬೇಸ್‌ನಲ್ಲಿ ಈಗಾಗಲೇ ಇರುವ ರೂಪಕ್ಕೆ ತರಲಾಗದಿದ್ದರೆ ಹೊಸ ಫೀಲ್ಡ್ ಹೆಸರು ಕೊಡಿ. ಮೆಷರ್‌ಮೆಂಟ್ ಅಳಿಸಿ ಮೊದಲಿನಿಂದ ಶುರು ಮಾಡುವ ಯೋಚನೆ ಬಂದರೆ ಅಲ್ಲೇ ನಿಲ್ಲಿ. ಬ್ಯಾಕಪ್ ಇಲ್ಲದೆ ಅಳಿಸಿದ ಇತಿಹಾಸ ಮರಳಿ ಸಿಗುವುದಿಲ್ಲ.

ಲಕ್ಷಣ: ಹಲವು ಸರ್ವರ್, ಗ್ರಾಫ್‌ನಲ್ಲಿ ಒಂದೇ ಗೆರೆ

ಮೆಷರ್‌ಮೆಂಟ್, ಟ್ಯಾಗ್‌ಗಳು (ಅಂಕಿ ಯಾವುದರದೆಂದು ಹೇಳುವ ಗುರುತುಗಳು), ಸಮಯ ಮೂರೂ ಒಂದೇ ಆದರೆ ಇನ್‌ಫ್ಲಕ್ಸ್‌ಡಿಬಿಗೆ ಅದು ಒಂದೇ ಬಿಂದು. ಆಮೇಲೆ ಬಂದದ್ದು ಮೊದಲಿನದರ ಮೇಲೆ ಕೂರುತ್ತದೆ. ಒಂದೇ ಇಮೇಜ್‌ನಿಂದ ತಯಾರಾದ ಯಂತ್ರಗಳಿಗೆ ಒಂದೇ ಹೋಸ್ಟ್‌ನೇಮ್ (ಟೆಲಿಗ್ರಾಫ್ ಟ್ಯಾಗ್ ಆಗಿ ಸೇರಿಸುವ ಯಂತ್ರದ ಹೆಸರು) ಇದ್ದರೆ, ಅಥವಾ ಓಮಿಟ್ ಹೋಸ್ಟ್‌ನೇಮ್ ಟ್ರೂ ಆಗಿದ್ದರೆ ಅವು ಒಂದನ್ನೊಂದು ಅಳಿಸುತ್ತಾ ಹೋಗುತ್ತವೆ. ಅಳತೆಯ ಸಮಯವನ್ನು 10 ಸೆಕೆಂಡಿನ ಗಡಿಗೆ ಹೊಂದಿಸುವ ರೌಂಡ್ ಇಂಟರ್ವಲ್ ಮಾಮೂಲಾಗಿ ಚಾಲ್ತಿಯಲ್ಲಿರುವುದರಿಂದ ಸಮಯ ಹೊಂದುವುದು ಅಪರೂಪವೇನಲ್ಲ. ಗೆರೆ ಎರಡು ಮಟ್ಟಗಳ ನಡುವೆ ಜಿಗಿಯುತ್ತಿದ್ದರೆ ಇದೇ ಕಾರಣ ಎಂದು ಬಹುಮಟ್ಟಿಗೆ ಹೇಳಬಹುದು. ಪ್ರತಿ ಏಜೆಂಟ್‌ಗೂ ಬೇರೆ ಹೋಸ್ಟ್‌ನೇಮ್ ಕೊಡಿ. ಅಳಿಸಿಹೋದದ್ದು ಮಾತ್ರ ಹಿಂದಿರುಗುವುದಿಲ್ಲ.

ಲಕ್ಷಣ: ಗ್ರಾಫ್‌ನಲ್ಲಿ ಅಲ್ಲಲ್ಲಿ ತೂತು

ಬಫರ್ ಒಂದು ತೊಟ್ಟಿ: ಹೊರಹರಿವು ನಿಂತರೆ ತುಂಬಿ, ಮೇಲಿಂದ ಚೆಲ್ಲುತ್ತದೆ. ಚೆಲ್ಲುವುದು ಅತ್ಯಂತ ಹಳೆಯ ಅಂಕಿ. ಮಾಮೂಲು ಮಿತಿ 10000 ಮೆಟ್ರಿಕ್. ನಿಮ್ಮ ಏಜೆಂಟ್ ಪ್ರತಿ 10 ಸೆಕೆಂಡಿಗೆ 400 ಮೆಟ್ರಿಕ್ ಹುಟ್ಟಿಸಿದರೆ 25 ಸುತ್ತಿಗೆ, ಅಂದರೆ 250 ಸೆಕೆಂಡಿಗೆ ತುಂಬುತ್ತದೆ. ಡೇಟಾಬೇಸನ್ನು ಅಪ್‌ಗ್ರೇಡ್ ಮಾಡಲು 10 ನಿಮಿಷ ನಿಲ್ಲಿಸಿದರೆ ಅದರಲ್ಲಿ 5 ನಿಮಿಷಕ್ಕೂ ಹೆಚ್ಚಿನ ಅಂಕಿ ಖಂಡಿತ ಹೋಗುತ್ತದೆ. ಲಾಗ್‌ನಲ್ಲಿ ಬಫರ್ ಓವರ್‌ಫ್ಲೋ ಎಂಬ ಎಚ್ಚರಿಕೆ ಇದನ್ನೇ ಹೇಳುವುದು. ನಿಮಗೆ ಎಷ್ಟು ಹೊತ್ತಿನ ತಡೆ ತಾಳಿಕೊಳ್ಳಬೇಕೋ ಲೆಕ್ಕ ಹಾಕಿ ಮಿತಿ ಏರಿಸಿ. ಏರಿಸಿದಷ್ಟೂ ಮೆಮೊರಿ ಬೇಕು ಎಂಬುದೂ ಲೆಕ್ಕದಲ್ಲಿರಲಿ.

ಓವರ್‌ಫ್ಲೋ ಇಲ್ಲದೆ ತೂತಿದ್ದರೆ ಅಳೆಯುವುದೇ ನಿಧಾನವಾಗಿರಬಹುದು. ಅಳತೆ ಇಂಟರ್ವಲ್‌ನೊಳಗೆ ಮುಗಿಯಲಿಲ್ಲ ಎಂದು ಯಾವ ಇನ್‌ಪುಟ್ ದೂರುತ್ತಿದೆ ನೋಡಿ, ಅದೊಂದಕ್ಕೆ ಮಾತ್ರ ಉದ್ದನೆಯ ಇಂಟರ್ವಲ್ ಕೊಡಿ.

ಇಂಟರ್ನಲ್ ಎಂಬ ಇನ್‌ಪುಟ್ ಪ್ಲಗಿನ್ ಟೆಲಿಗ್ರಾಫ್‌ನ ಸ್ವಂತ ಆರೋಗ್ಯವನ್ನು ಅಳೆಯುತ್ತದೆ: ಎಷ್ಟು ಬರೆದಾಯಿತು, ಎಷ್ಟು ಕೈಬಿಟ್ಟಿತು, ಬಫರ್ ಎಷ್ಟು ತುಂಬಿದೆ. ಎರಡು ಸಾಲಿನ ಕೆಲಸ, ಎಲ್ಲ ಏಜೆಂಟ್‌ಗಳಲ್ಲೂ ಇರಲಿ.

ಲಕ್ಷಣ: ದಿನ ಕಳೆದಂತೆ ಎಲ್ಲವೂ ನಿಧಾನ

ಏಜೆಂಟ್ ಸರಿಯಿದೆ, ಡೇಟಾಬೇಸ್‌ನ ಮೆಮೊರಿ ಏರುತ್ತಲೇ ಇದೆ, ಟೈಮ್‌ಔಟ್ ಹೆಚ್ಚುತ್ತಿದೆ ಎಂದರೆ ಟ್ಯಾಗ್‌ಗಳನ್ನು ನೋಡಿ. ಪ್ರೊಸೆಸ್ ಐಡಿ, ಕಂಟೇನರ್ ಐಡಿ, ವಿನಂತಿಯ ಪೂರ್ತಿ ವಿಳಾಸ ಹೀಗೆ ಕೊನೆಯಿಲ್ಲದೆ ಹೊಸ ಮೌಲ್ಯ ಪಡೆಯುವ ಟ್ಯಾಗ್ ಪ್ರತಿ ಸಲವೂ ಹೊಸ ಸೀರೀಸ್ (ಒಂದೇ ಟ್ಯಾಗ್‌ಗಳಿರುವ ಅಂಕಿಗಳ ಸಾಲು) ಹುಟ್ಟಿಸುತ್ತದೆ. ಆವೃತ್ತಿ 1ರ ಹಳೆಯ ಇನ್‌ಮೆಮ್ ಇಂಡೆಕ್ಸ್‌ನಲ್ಲಿ ಒಂದು ಟ್ಯಾಗ್‌ಗೆ 100000 ಮೌಲ್ಯ, ಒಂದು ಡೇಟಾಬೇಸ್‌ಗೆ 1000000 ಸೀರೀಸ್ ಎಂಬ ಮಾಮೂಲು ಮಿತಿಯಿತ್ತು, ದಾಟಿದರೆ ಬರಹ ತಿರಸ್ಕೃತ. ಅಂಥ ಮೌಲ್ಯವನ್ನು ಫೀಲ್ಡ್ ಮಾಡಿ, ಇಲ್ಲವೇ ಟ್ಯಾಗ್‌ಎಕ್ಸ್‌ಕ್ಲೂಡ್‌ನಿಂದ ತೆಗೆಯಿರಿ. ಈಗಾಗಲೇ ಹುಟ್ಟಿದ ಸೀರೀಸ್‌ಗಳನ್ನು ತೆಗೆಯುವುದು ಬೇರೆಯೇ ಕೆಲಸ. ಅದು ಡೇಟಾಬೇಸ್ ಬಲ್ಲವರಿಗೆ ಸೇರಿದ್ದು.

ಯಾವಾಗ ಕೈ ತೆಗೆದು ಸಹಾಯ ಕೇಳಬೇಕು

ಡೇಟಾಬೇಸ್ ಯಂತ್ರದ ಡಿಸ್ಕ್ ತುಂಬಿದ್ದರೆ ಅದರ ಡೇಟಾ ಅಥವಾ ವಾಲ್ ಡೈರೆಕ್ಟರಿಯಿಂದ ಯಾವ ಫೈಲನ್ನೂ ಕೈಯಿಂದ ಅಳಿಸಬೇಡಿ. ವಾಲ್‌ನಲ್ಲಿರುವುದು ಇನ್ನೂ ಶಾಶ್ವತ ಫೈಲ್‌ಗೆ ಸೇರದ ಬರಹ. ಇಲ್ಲಿ ನಿಲ್ಲಿ, ನಿರ್ವಾಹಕರನ್ನು ಕರೆಯಿರಿ. ಡೇಟಾಬೇಸ್ 500 ಸರಣಿಯ ದೋಷಗಳನ್ನೇ ಕೊಡುತ್ತಿದ್ದರೆ, ಏಳುವಾಗಲೇ ಬೀಳುತ್ತಿದ್ದರೆ ಕೂಡ ಏಜೆಂಟ್ ಕಡೆ ತಿದ್ದಿ ಪ್ರಯೋಜನವಿಲ್ಲ.

ಕೇಳುವಾಗ ಎರಡೂ ಕಡೆಯ ಆವೃತ್ತಿ ಸಂಖ್ಯೆ, ಡೀಬಗ್ ಹಾಕಿದ ಕೆಲವು ನಿಮಿಷದ ಲಾಗ್, ಟೆಸ್ಟ್ ಆಯ್ಕೆಯ ಕೆಲವು ಸಾಲು, ಸಂಬಂಧಪಟ್ಟ ಇನ್‌ಪುಟ್ ಮತ್ತು ಔಟ್‌ಪುಟ್ ಭಾಗದ ಕಾನ್ಫಿಗ್ ಕೊಡಿ. ಕೊಡುವ ಮೊದಲು ಟೋಕನ್, ಪಾಸ್‌ವರ್ಡ್, ವಿಳಾಸದೊಳಗೆ ಸೇರಿರುವ ಬಳಕೆದಾರ ಹೆಸರು ತೆಗೆದುಹಾಕಿ. ಟೋಕನ್ ಒಮ್ಮೆ ಹೊರಗೆ ಹೋಗಿದ್ದರೆ ಆ ಬರಹ ಅಳಿಸಿದ ಮಾತ್ರಕ್ಕೆ ಸುರಕ್ಷಿತವಲ್ಲ: ಡೇಟಾಬೇಸ್‌ನಲ್ಲಿ ಹೊಸ ಟೋಕನ್ ಮಾಡಿ, ಏಜೆಂಟ್‌ಗೆ ಹಾಕಿ, ಬರೆಯುತ್ತಿದೆ ಎಂದು ಲಾಗ್‌ನಲ್ಲಿ ಖಚಿತಪಡಿಸಿಕೊಂಡು ಹಳೆಯದನ್ನು ರದ್ದು ಮಾಡಿ.